ಬೆಟ್ಟ ಹತ್ತಿದರೂ ಕೈಗೆ ಸಿಗದ ಪಾಠ

(ಬೆಂಗಳೂರು, ಮೈಸೂರಿನ ಕನ್ನಡ ತರುಣ ತರುಣಿಯರು ಶ್ರೀರಂಗಪಟ್ಟಣದಲ್ಲಿ ಸೇರಿದ್ದಾಗ ಪಾಂಡವಪುರದ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತಿನ ಬರಹರೂಪ)



ನನ್ನನ್ನು ಈ ಮೈಕಿನ ಮುಂದೆ ನಿಲ್ಲಿಸಿದವರಿಗೆ ಮೊದಲೇ ಹೇಳಿದ್ದೆ. "ನೋಡಿ ಸ್ವಾಮಿ, ವಿಷಯ ವಿಶ್ವವಿದ್ಯಾಲಯದ್ದು. ಆನ್‌ಲೈನಿನಲ್ಲಿ ಪಾಠ ಹೇಳುವುದು ಹೇಗೆ ಅಂತ. ನಾನು ಓದಿರುವುದು ಪಿಯುಸಿ. ಯಾರಾದರೂ ಪ್ರೊಫೆಸರನ್ನು ಕರೆಸಿ" ಅಂದೆ. ಅವರು ಬಿಡಲಿಲ್ಲ. "ಪಾಠ ಹೇಳಿದವರ ಮಾತು ಬೇಕಾದಷ್ಟು ಕೇಳಿದ್ದೇವೆ. ಆ ಪಾಠ ಹಳ್ಳಿ ಮುಟ್ಟಿದ ಮೇಲೆ ಏನಾಯಿತು ಅಂತ ಕಣ್ಣಾರೆ ಕಂಡವರು ನೀವು. ಅದನ್ನು ಹೇಳಿ" ಅಂದರು. ಅದನ್ನು ಹೇಳಲು ಬಂದಿದ್ದೇನೆ.

ನನ್ನದು ಪಾಂಡವಪುರದಲ್ಲಿ ಒಂದು ಸಣ್ಣ ಪ್ರೆಸ್ಸು. ಅಪ್ಪನ ಕಾಲದಲ್ಲಿ ಕಾಲಲ್ಲಿ ತುಳಿಯುವ ಟ್ರೆಡಲ್ ಮೆಷಿನ್ನು, ಸೀಸದ ಮೊಳೆ. ಪಿಯುಸಿ ಮುಗಿಸಿ ಮೊಳೆ ಜೋಡಿಸಲು ಕೂತವನು ನಾನು, ಇನ್ನೂ ಎದ್ದಿಲ್ಲ. ಈಗ ಕಂಪ್ಯೂಟರ್ ಇದೆ, ಆಫ್‌ಸೆಟ್ ಇದೆ, ಪಕ್ಕದಲ್ಲೊಂದು ಜೆರಾಕ್ಸ್ ಇದೆ. ಲಗ್ನಪತ್ರಿಕೆ, ತಿಥಿ ಕಾರ್ಡು, ಬಿಲ್ ಬುಕ್ಕು, ಜಾತ್ರೆ ಕರಪತ್ರ, ಇದೇ ನನ್ನ ಬದುಕು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕಿನ ಹಳ್ಳಿ ಹಳ್ಳಿಗೂ ಪ್ರೂಫ್ ಹಿಡಿದು ಬೈಕಿನಲ್ಲಿ ತಿರುಗಿದ್ದೇನೆ.

ಪ್ರೆಸ್ಸಿನವನಿಗೆ ಒಂದು ಚಟ ಇರುತ್ತದೆ. ಅಚ್ಚಾದದ್ದನ್ನು ಓದುವವನು ಓದಬಲ್ಲನೋ ಇಲ್ಲವೋ ಅಂತ ನೋಡುವುದು. ಓದಲಾಗದ ಅಚ್ಚು ಎಷ್ಟು ದುಬಾರಿ ಕಾಗದದ ಮೇಲಿದ್ದರೂ ರದ್ದಿಯೇ. ಆನ್‌ಲೈನ್ ಪಾಠವನ್ನೂ ನಾನು ನೋಡಿದ್ದು ಅದೇ ಕಣ್ಣಿನಲ್ಲಿ.

ನಾಲ್ಕು ತಾಲ್ಲೂಕು, ನಾಲ್ಕು ಕತೆ

2020ರ ಮಾರ್ಚ್ 25. ದೇಶವೇ ಬಾಗಿಲು ಹಾಕಿತು. ಮದುವೆ ನಿಂತವು, ಜಾತ್ರೆ ನಿಂತವು, ನನ್ನ ಮೆಷಿನ್ನೂ ನಿಂತಿತು. ಕಾಲೇಜುಗಳೂ ಮುಚ್ಚಿದವು. ಆದರೆ ಪಾಠ ನಿಲ್ಲಿಸಬೇಡಿ, ಮೊಬೈಲಿನಲ್ಲಿ ಮಾಡಿ ಅಂತ ಅಪ್ಪಣೆ ಬಂತು. ಬಾಗಿಲು ತೆಗೆಯಲು ಅನುಮತಿ ಸಿಕ್ಕಿದ ಮೇಲೆ ನನ್ನ ಅಂಗಡಿಗೆ ಬಂದ ಮೊದಲ ಗಿರಾಕಿಗಳು ಈ ಕಾಲೇಜು ಮಕ್ಕಳು.

ಮೊದಲ ಕತೆ ನಮ್ಮ ಪಾಂಡವಪುರ ತಾಲ್ಲೂಕಿನದು. ಮೇಲುಕೋಟೆ ಬೆಟ್ಟದ ತಪ್ಪಲಿನ ಒಂದು ಹಟ್ಟಿಯ ಹುಡುಗಿ, ಬಿ.ಕಾಂ. ಓದುತ್ತಿದ್ದಳು. ಮನೆಗೆಲ್ಲ ಇದ್ದದ್ದು ಒಂದೇ ಒಳ್ಳೆ ಫೋನು, ಅದು ಅಣ್ಣನದು. ಅಣ್ಣ ಆಲೆಮನೆ ಕೆಲಸಕ್ಕೆ ಹೋಗುವಾಗ ಫೋನೂ ಹೋಗುತ್ತಿತ್ತು. ಪಾಠ ಇರುತ್ತಿದ್ದದ್ದು ಬೆಳಿಗ್ಗೆ 11 ಗಂಟೆಗೆ. ಅಣ್ಣ ಮನೆಯಲ್ಲಿದ್ದ ದಿನ ಬೆಟ್ಟದ ಬಂಡೆ ಹತ್ತಿ ಕೂತರೆ ಮಾತ್ರ ಸಿಗ್ನಲ್. ಮಿಕ್ಕ ದಿನ ಗೆಳತಿ ಕಳಿಸುವ ಫೋಟೋಗಳೇ ಗತಿ.

ಒಂದು ದಿನ ಬಂದು 60 ಫೋಟೋ ಪ್ರಿಂಟ್ ಮಾಡಿಕೊಡಿ ಅಂದಳು. ನೋಡಿದರೆ ಎಲ್ಲವೂ ಇಂಗ್ಲಿಷ್ ಸ್ಲೈಡು. ಎಲ್ಲಿಂದಲೋ ಇಳಿಸಿಕೊಂಡದ್ದು. "ಇದ್ರಲ್ಲಿ ನಿಂಗೆಷ್ಟು ಅರ್ಥ ಆಯ್ತವ್ವ?" ಅಂತ ಕೇಳಿದೆ. "ಅರ್ಥ ಆಗೋದು ಆಮೇಲೆ ಅಣ್ಣ, ಮೊದ್ಲು ಕೈಗೆ ಸಿಗ್ಲಿ" ಅಂದಳು.

ಒಂದು ಹಾಳೆಯ ನೆತ್ತಿಯ ಮೇಲೆ ದಪ್ಪ ಅಕ್ಷರದಲ್ಲಿ ಡಿಪ್ರಿಸಿಯೇಷನ್ ಅಂತಿತ್ತು. ಅದೊಂದು ನನಗೂ ಗೊತ್ತು, ನಮ್ಮ ಆಡಿಟರ್ ವರ್ಷಾ ವರ್ಷಾ ಅದರ ಹೆಸರು ಹೇಳುತ್ತಾರೆ. ಅವಳನ್ನು ಆಫ್‌ಸೆಟ್ ಮೆಷಿನ್ನಿನ ಮುಂದೆ ನಿಲ್ಲಿಸಿದೆ. "ಇದನ್ನ 5 ಲಕ್ಷಕ್ಕೆ ತಂದೆ ಅಂತ ಇಟ್ಕೊ. ವರ್ಷಕ್ಕೆ ನೂರಕ್ಕೆ 10ರಂತೆ ಸವೆಯುತ್ತೆ. ಮೊದಲನೇ ವರ್ಷ 50 ಸಾವಿರ ಕಳೆ. ಎರಡನೇ ವರ್ಷಾನೂ ಅದೇ 50 ಸಾವಿರ ಕಳೆದರೆ ಅದೊಂದು ಕ್ರಮ. ಹಂಗಲ್ಲ, ಉಳಿದಿರೋ ನಾಲ್ಕೂವರೆ ಲಕ್ಷಕ್ಕೆ ನೂರಕ್ಕೆ 10 ಅಂದ್ರೆ 45 ಸಾವಿರ ಕಳೆದರೆ ಇನ್ನೊಂದು ಕ್ರಮ. ಸವೆಯೋದು, ಅದಕ್ಕೇ ಕನ್ನಡದಲ್ಲಿ ಸವಕಳಿ ಅನ್ನೋದು."

ಹುಡುಗಿ ಒಂದು ಗಳಿಗೆ ಸುಮ್ಮನಿದ್ದಳು. ಆಮೇಲೆ ನಕ್ಕಳು. "ಇಷ್ಟೇನಾ ಅಣ್ಣ? ಇದು ನಮ್ಮನೆ ಎತ್ತಿನ ಲೆಕ್ಕ! ಹೇಮಗಿರಿ ಜಾತ್ರೇಲಿ ತಂದಾಗ ಒಂದು ಬೆಲೆ, ಉತ್ತೂ ಉತ್ತೂ ವರ್ಷ ವರ್ಷ ಇಳೀತಾ ಹೋಗುತ್ತೆ."

ಪಿಯುಸಿ ಓದಿದ ಪ್ರೆಸ್ಸಿನವನಿಗೆ ಐದು ನಿಮಿಷದಲ್ಲಿ ಸಾಧ್ಯವಾದದ್ದು 60 ಸ್ಲೈಡಿಗೆ ಯಾಕೆ ಆಗಲಿಲ್ಲ? ಈ ಪ್ರಶ್ನೆ ಹಿಡಿದುಕೊಂಡೇ ಉಳಿದ ಮೂರು ಕತೆ ಕೇಳಿ.

ಎರಡನೆಯದು ಇದೇ ಶ್ರೀರಂಗಪಟ್ಟಣದ್ದು. ಬೆಂಗಳೂರು ಮೈಸೂರು ಹೆದ್ದಾರಿಯ ಪಕ್ಕದ ಮನೆ. ಸಿಗ್ನಲ್ ತುಂಬಿ ತುಳುಕುತ್ತಿದೆ. ಹುಡುಗನಿಗೆ ಸ್ವಂತ ಫೋನು, ಸ್ವಂತ ಕೋಣೆ. ಕಾರ್ಡ್ ಕೊಡಲು ಹೋದಾಗ ಹಾಜರಿ ಹಾಕಿಸಿಕೊಂಡು, ಫೋನನ್ನು ದಿಂಬಿನ ಪಕ್ಕ ಇಟ್ಟು ಗೊರಕೆ ಹೊಡೆಯುತ್ತಿದ್ದ. ಮೇಷ್ಟ್ರ ದನಿ ಒಂದೇ ಸಮನೆ ಹರಿಯುತ್ತಿತ್ತು. ಅಂದರೆ ಕೇಡು ಬರೀ ಸಿಗ್ನಲ್ಲಿನದಲ್ಲ!

ಮೂರನೆಯದು ಕೆ.ಆರ್.ಪೇಟೆ ತಾಲ್ಲೂಕಿನದು. ಕಿಕ್ಕೇರಿ ಕಡೆಯ ಒಂದು ಹಳ್ಳಿಯಲ್ಲಿ ಐವರು ಡಿಗ್ರಿ ಮಕ್ಕಳು. ಲಾಕ್‌ಡೌನ್ ಸಡಿಲವಾದ ಮೇಲೆ ಮಾಸ್ಕ್ ಹಾಕಿಕೊಂಡು ಅರಳಿಕಟ್ಟೆ ಮೇಲೆ ದೂರ ದೂರ ಕೂರುತ್ತಿದ್ದರು. ಒಂದೇ ಫೋನು, ದನಿ ಜೋರು ಮಾಡಿ ಐವರೂ ಕೇಳುವುದು. ಪಾಠ ಮುಗಿದ ಮೇಲೆ ಒಬ್ಬರು ಎದ್ದು ಕೇಳಿದ್ದನ್ನು ನಮ್ಮ ಮಾತಿನಲ್ಲಿ ತಿರುಗಿ ಹೇಳುವುದು. ತಪ್ಪಿದರೆ ಉಳಿದವರು ತಿದ್ದುವುದು. ದಿನಕ್ಕೊಬ್ಬರ ಪಾಳಿ. ಐವರೂ ಪಾಸಾದರು. ಅವರಿಗೆ ಇದನ್ನು ಯಾವ ತಜ್ಞರೂ ಹೇಳಿಕೊಟ್ಟಿರಲಿಲ್ಲ.

ನಾಲ್ಕನೆಯದು ನಾಗಮಂಗಲ ಕಡೆಯದು. ಬಿ.ಎಸ್‌ಸಿ. ಹುಡುಗ, ಹೈಸ್ಕೂಲು ಕನ್ನಡ ಮಾಧ್ಯಮ, ಲೆಕ್ಕದಲ್ಲಿ ಚುರುಕು. ಎರಡು ವಾರ ಆನ್‌ಲೈನ್ ಕ್ಲಾಸು ಕೇಳಿದ. ಅರ್ಥವಾಗದ್ದನ್ನು ಕೇಳಬೇಕೆಂದರೆ ಅರವತ್ತು ಜನರ ಮುಂದೆ ಇಂಗ್ಲಿಷಿನಲ್ಲಿ ಕೇಳಬೇಕು ಅಂದುಕೊಂಡ. ಕೇಳಲಿಲ್ಲ. ಮೂರನೇ ವಾರ ಕೂರಲಿಲ್ಲ. ನಾಲ್ಕನೇ ತಿಂಗಳಲ್ಲಿ ಬೆಂಗಳೂರಿಗೆ ಹೋಗಿ ಊಟ ತಲುಪಿಸುವ ಕೆಲಸಕ್ಕೆ ಸೇರಿದ. "ಯಾಕೋ ಬರಲಿಲ್ಲ?" ಅಂತ ಆ ನಾಲ್ಕು ತಿಂಗಳಲ್ಲಿ ಒಬ್ಬರೂ ಫೋನ್ ಮಾಡಿ ಕೇಳಲಿಲ್ಲ. ಅವನು ಮತ್ತೆ ಕಾಲೇಜಿಗೆ ಬರಲಿಲ್ಲ. ಅವನು ತಂದುಕೊಟ್ಟ ಬಿರಿಯಾನಿಯನ್ನು ನಿಮ್ಮಲ್ಲಿ ಯಾರಾದರೂ ತಿಂದಿರಬಹುದು.

ಬಿದ್ದುಹೋದದ್ದು ಏನು?

ಎಲ್ಲರೂ ಆಗ ಫೋನಿಲ್ಲ, ನೆಟ್ ಇಲ್ಲ ಅಂತ ಕೂಗಿದರು. ಸುಳ್ಳಲ್ಲ. 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ದೇಶದ ಹಳ್ಳಿಗಳಲ್ಲಿ ನೂರು ಮನೆಗೆ ಇಂಟರ್‌ನೆಟ್ ಇದ್ದದ್ದು ಸುಮಾರು 15 ಮನೆಗೆ, ಪಟ್ಟಣದಲ್ಲಿ 42 ಮನೆಗೆ. ಕಂಪ್ಯೂಟರ್ ಇದ್ದದ್ದು ಹಳ್ಳಿಯ ನೂರರಲ್ಲಿ ನಾಲ್ಕು ಮನೆಯಲ್ಲಿ. 2021ರಲ್ಲಿ ನಮ್ಮ ಸರ್ಕಾರ ಸರ್ಕಾರಿ ಪದವಿ, ಎಂಜಿನಿಯರಿಂಗ್, ಪಾಲಿಟೆಕ್ನಿಕ್ ಮಕ್ಕಳಿಗೆ ಸುಮಾರು ಒಂದೂವರೆ ಲಕ್ಷ ಟ್ಯಾಬ್ ಹಂಚಿತು. ಒಳ್ಳೆಯ ಕೆಲಸ, ಬೇಡ ಅನ್ನುವುದಿಲ್ಲ. ಆದರೆ ತಟ್ಟೆ ಕೊಟ್ಟ ಮಾತ್ರಕ್ಕೆ ಊಟ ಬಡಿಸಿದ ಹಾಗಾಯಿತೇ?

ನಮ್ಮ ಸರ್ಕಾರಿ ಕಾಲೇಜಿನ ತರಗತಿಯಲ್ಲಿ ಮೇಷ್ಟ್ರು ಹೇಗೆ ಪಾಠ ಮಾಡುತ್ತಾರೆ? ಇಂಗ್ಲಿಷಿನ ಎರಡು ಸಾಲು ಓದುತ್ತಾರೆ. ಮಕ್ಕಳ ಮುಖ ನೋಡುತ್ತಾರೆ. ಮುಖ ಸಪ್ಪಗಿದ್ದರೆ "ಅಂದ್ರೆ ಏನ್ರಪ್ಪಾ..." ಅಂತ ಕನ್ನಡದಲ್ಲಿ ಬಿಡಿಸಿ ಹೇಳುತ್ತಾರೆ. ಕಬ್ಬಿನ ಉದಾಹರಣೆ, ಸೊಸೈಟಿ ಸಾಲದ ಉದಾಹರಣೆ ಕೊಡುತ್ತಾರೆ. ಹಳ್ಳಿ ಹುಡುಗ ಡಿಗ್ರಿ ಪಾಸಾಗುತ್ತಿದ್ದದ್ದು ಆ "ಅಂದ್ರೆ ಏನ್ರಪ್ಪಾ" ದಿಂದಲೇ!

ಆನ್‌ಲೈನಿಗೆ ಬಂದಾಗ ಬಿದ್ದುಹೋದದ್ದು ಅದೇ. ಮುಖ ಕಾಣಲಿಲ್ಲ. ಪಾಠ ರೆಕಾರ್ಡ್ ಆಗುತ್ತದೆ, ಮೇಲಿನವರು ನೋಡುತ್ತಾರೆ ಅನ್ನುವ ಭಯಕ್ಕೆ ಮೇಷ್ಟ್ರು ಕೋಟು ತೊಟ್ಟವರಂತೆ ಬರೀ ಇಂಗ್ಲಿಷ್ ಸ್ಲೈಡು ಓದಿದರು. ಸ್ಲೈಡು ತಲುಪಿತು, ಬಿಡಿಸಿ ಹೇಳುವ ಕನ್ನಡ ತಲುಪಲಿಲ್ಲ.

ಮೇಷ್ಟ್ರುಗಳನ್ನು ನಾನು ಬೈಯುತ್ತಿಲ್ಲ. ಅವರಿಗೂ ಯಾರೂ ಕಲಿಸಿರಲಿಲ್ಲ. ಸ್ವಂತ ದುಡ್ಡಿನ ಡೇಟಾ ಹಾಕಿಕೊಂಡು, ಕಪ್ಪು ಚೌಕಗಳ ಮುಂದೆ ಗಂಟೆಗಟ್ಟಲೆ ಮಾತಾಡಿದವರು ಅವರು. ಅತಿಥಿ ಉಪನ್ಯಾಸಕರ ಪಾಡಂತೂ ಕೇಳಲೇಬೇಡಿ. ಆದರೆ ಕೇಡು ಎಲ್ಲಾಯಿತು ಅಂತ ಗುರುತಿಸದೆ ಸರಿಮಾಡುವುದು ಹೇಗೆ?

ಇದೆಲ್ಲ ಮುಗಿದ ಕತೆ, ಈಗ ಕಾಲೇಜು ತೆರೆದಿವೆಯಲ್ಲ ಅನ್ನಬೇಡಿ. 2017ರಲ್ಲಿ ಕೇಂದ್ರ ಸರ್ಕಾರ 'ಸ್ವಯಂ' ಅಂತ ಆನ್‌ಲೈನ್ ಪಾಠದ ವ್ಯವಸ್ಥೆ ತಂದಿತು. ಒಂದು ಸೆಮಿಸ್ಟರಿನ ವಿಷಯಗಳಲ್ಲಿ ನೂರಕ್ಕೆ 40ರವರೆಗೆ ಅದರಲ್ಲೇ ಓದಬಹುದು ಅಂತ 2021ರಲ್ಲಿ ಯುಜಿಸಿ ನಿಯಮ ಮಾಡಿತು. ಆನ್‌ಲೈನ್ ಪಾಠ ರೋಗದ ಜೊತೆ ಬಂದು ರೋಗದ ಜೊತೆ ಹೋಗುವ ನೆಂಟನಲ್ಲ, ಮನೆಯಲ್ಲೇ ಉಳಿಯುವ ಅಳಿಯ. ಅವನಿಗೆ ಕನ್ನಡ ಕಲಿಸದಿದ್ದರೆ ನಾವೇ ಹೊರಗಾಗುತ್ತೇವೆ.

ನಮ್ಮ ಹಿರಿಯರು ಮಾಡಿ ತೋರಿಸಿದ್ದರು

ದೂರದಲ್ಲಿರುವವನಿಗೆ ಪಾಠ ಮುಟ್ಟಿಸುವ ವಿದ್ಯೆ ನಮಗೆ ಹೊಸದೇ? ಅಲ್ಲ. ಮೈಸೂರು ವಿಶ್ವವಿದ್ಯಾಲಯ ಹುಟ್ಟಿದ್ದು 1916ರಲ್ಲಿ. ಅಲ್ಲಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ರೇಡಿಯೋ ಪ್ರಸಾರ ಶುರು ಮಾಡಿದರು. ಆಕಾಶವಾಣಿ ಅನ್ನುವ ಹೆಸರು ಅಲ್ಲಿಂದ ಬಂದದ್ದು. ಕೇಳುಗನ ಮುಖ ಕಾಣದೆ ಮಾತಾಡುವ ಕೆಲಸವನ್ನು ನಮ್ಮ ಮೇಷ್ಟ್ರೊಬ್ಬರು ತೊಂಬತ್ತು ವರ್ಷದ ಹಿಂದೆಯೇ ಮಾಡಿದ್ದರು!

ಅದೇ 1930ರ ದಶಕದಲ್ಲಿ ವಿಶ್ವವಿದ್ಯಾಲಯದ ಪ್ರಚಾರೋಪನ್ಯಾಸಗಳು ನಡೆದವು. ವಿದ್ವಾಂಸರು ಊರೂರಿಗೆ ಹೋಗಿ ಕನ್ನಡದಲ್ಲಿ ವಿಜ್ಞಾನ, ಚರಿತ್ರೆ, ಸಾಹಿತ್ಯದ ಉಪನ್ಯಾಸ ಕೊಡುವುದು, ಅದನ್ನೇ ಕಡಿಮೆ ಬೆಲೆಯ ಸಣ್ಣ ಪುಸ್ತಕ ಮಾಡುವುದು. ಅಪ್ಪನ ಪೆಟ್ಟಿಗೆಯಲ್ಲಿ ಅಂಥ ಪುಸ್ತಕ ಕಂಡಿದ್ದೇನೆ. ಅಂಗೈಯಗಲದ್ದು, ಜೇಬಿಗೆ ಹಾಕಿಕೊಳ್ಳಬಹುದು. 1969ರಲ್ಲಿ ಅಂಚೆ ತೆರಪಿನ ಶಿಕ್ಷಣ ಬಂತು. ಅದರ ಬೇರಿನಿಂದ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಎದ್ದಿತು.

ಇಂಗ್ಲೆಂಡಿನವರ ಮುಕ್ತ ವಿಶ್ವವಿದ್ಯಾಲಯ ಸ್ಥಾಪನೆಯಾದದ್ದೂ 1969ರಲ್ಲೇ, ಪಾಠ ಆರಂಭಿಸಿದ್ದು 1971ರಲ್ಲಿ. ಬಿಬಿಸಿಯಲ್ಲಿ ರೇಡಿಯೋ ಪಾಠ, ಟಿ.ವಿ. ಪಾಠ ಎಲ್ಲ ಇತ್ತು. ಆದರೂ ಅವರು ಅದನ್ನೇ ನೆಚ್ಚಿ ಕೂರಲಿಲ್ಲ. ಅಂಚೆಯಲ್ಲಿ ಅಚ್ಚಾದ ಪಾಠ ಕಳಿಸಿದರು. ಪ್ರತಿ ವಿದ್ಯಾರ್ಥಿಗೂ ಒಬ್ಬ ಬೋಧಕರನ್ನು ಗೊತ್ತು ಮಾಡಿದರು. ಆ ಬೋಧಕರು ಉತ್ತರ ತಿದ್ದಿ, ಎಲ್ಲಿ ಎಡವಿದ್ದೀಯ ಅಂತ ಬರೆದು ಕಳಿಸುತ್ತಿದ್ದರು.

ಇವುಗಳಿಂದ ತಿಳಿಯುವುದು ಇಷ್ಟೇ. ಯಂತ್ರ ಯಾವುದಾದರೂ ಇರಲಿ, ಮೂರು ಬೇಕು. ಅರ್ಥವಾಗುವ ಮಾತು, ಕೈಯಲ್ಲಿ ಹಿಡಿಯುವ ಹಾಳೆ, ತಿರುಗಿ ಉತ್ತರ ಕೊಡುವ ಒಬ್ಬ ಮನುಷ್ಯ.

ಹಾಗಾದರೆ ಏನು ಮಾಡಬೇಕು?

ನಮ್ಮ ಕಡೆಯ ಲೆಕ್ಚರರ್ ಮಿತ್ರರನ್ನು, ಆ ಅರಳಿಕಟ್ಟೆಯ ಮಕ್ಕಳನ್ನು ಕೂರಿಸಿಕೊಂಡು ಮಾತಾಡಿ ನಾನು ಕಂಡುಕೊಂಡದ್ದನ್ನು ಹೇಳುತ್ತೇನೆ.

ಒಂದು, ಪಾಠವನ್ನು ತುಂಡು ಮಾಡಿ. ಅಮೆರಿಕದ ಎಡ್‌ಎಕ್ಸ್ ಪಾಠಗಳನ್ನು ಜನ ನೋಡಿದ ಸುಮಾರು 69 ಲಕ್ಷ ಸಲದ ಲೆಕ್ಕವನ್ನು 2014ರಲ್ಲಿ ಸಂಶೋಧಕರು ತೆಗೆದರು. ಆರು ನಿಮಿಷ ದಾಟಿದರೆ ನೋಡುಗರು ಕೈಬಿಡುತ್ತಾರೆ ಅಂತ ಗೊತ್ತಾಯಿತು. ಒಂದು ಗಂಟೆಯ ಉಪನ್ಯಾಸವನ್ನು ಹಾಗೇ ಫೋನಿಗೆ ಸುರಿದರೆ ಯಾರೂ ಕೇಳುವುದಿಲ್ಲ. ಒಂದು ತುಂಡು, ಒಂದು ವಿಚಾರ. ಸವಕಳಿ ಅಂದರೆ ಏನು, ಅದೊಂದು ತುಂಡು. ಅದನ್ನು ಲೆಕ್ಕ ಹಾಕುವ ಮೊದಲ ಕ್ರಮ, ಇನ್ನೊಂದು ತುಂಡು.

ಎರಡು, ಮುಖ ತೋರಿಸುವ ಹಟ ಬಿಟ್ಟು ದನಿ ಕಳಿಸಿ. ಒಂದು ಗಂಟೆಯ ವಿಡಿಯೊಗೆ ನೂರಾರು ಎಂಬಿ ಬೇಕು. ಅದೇ ಒಂದು ಗಂಟೆಯ ಬರೀ ಮಾತನ್ನು 15 ಎಂಬಿಯಲ್ಲಿ ಕಳಿಸಬಹುದು. ಸಂಜೆ ಅಣ್ಣ ಮನೆಗೆ ಬಂದ ಮೇಲೆ ಇಳಿಸಿಕೊಂಡು, ಸಿಗ್ನಲ್ ಇಲ್ಲದ ಹಟ್ಟಿಯಲ್ಲೂ ಹತ್ತು ಸಲ ಕೇಳಬಹುದು. ಮಕ್ಕಳಿಗೂ "ಕ್ಯಾಮೆರಾ ಹಾಕು" ಅಂತ ಗದರಬೇಡಿ. ಮನೆಯ ಸೋರುವ ಹೆಂಚು, ಪಕ್ಕದಲ್ಲೇ ಕಟ್ಟಿರುವ ಎಮ್ಮೆ ಅರವತ್ತು ಜನಕ್ಕೆ ಯಾಕೆ ಕಾಣಬೇಕು?

ಮೂರು, ಎಲ್ಲರೂ ಒಟ್ಟಿಗೆ ಸೇರುವ ಗಂಟೆಯನ್ನು ಉಪನ್ಯಾಸಕ್ಕೆ ಕೊಡಬೇಡಿ, ಪ್ರಶ್ನೆಗೆ ಕೊಡಿ. ಪಾಠ ಮೊದಲೇ ದನಿಯಲ್ಲಿ, ಹಾಳೆಯಲ್ಲಿ ಹೋಗಿರಲಿ. ಕೇಳಲು ನಾಚುವವನು ಹಿಂದಿನ ರಾತ್ರಿಯೇ ವಾಟ್ಸಾಪಿನಲ್ಲಿ ಮೇಷ್ಟ್ರೊಬ್ಬರಿಗೇ ಪ್ರಶ್ನೆ ಕಳಿಸಲಿ, ಹೇಗೆ ಬರುತ್ತದೋ ಹಾಗೆ, ಕನ್ನಡದಲ್ಲೇ. ಮೇಷ್ಟ್ರು ಹೆಸರು ಹೇಳದೆ ಎಲ್ಲರ ಮುಂದೆ ಉತ್ತರಿಸಲಿ. ಅಷ್ಟಿದ್ದಿದ್ದರೆ ನಾಗಮಂಗಲದ ಆ ಹುಡುಗ ಉಳಿಯುತ್ತಿದ್ದನೇನೋ.

ನಾಲ್ಕು, ಪದೇ ಪದೇ ಸಣ್ಣದಾಗಿ ಕೇಳಿ. 2006ರಲ್ಲಿ ರೋಡಿಗರ್, ಕಾರ್ಪಿಕ್ ಅನ್ನುವ ಇಬ್ಬರು ಅಮೆರಿಕದ ಮನಃಶಾಸ್ತ್ರಜ್ಞರು ಒಂದು ಪರೀಕ್ಷೆ ನಡೆಸಿದರು. ಒಂದು ಪಾಠವನ್ನು ಕೆಲವರು ತಿರುಗಿ ಓದಿದರು. ಇನ್ನು ಕೆಲವರು ಪುಸ್ತಕ ಮುಚ್ಚಿ ನೆನಪಿದ್ದದ್ದನ್ನು ಬರೆದರು. ಐದು ನಿಮಿಷ ಬಿಟ್ಟು ಕೇಳಿದಾಗ ತಿರುಗಿ ಓದಿದವರೇ ಮುಂದು. ಒಂದು ವಾರ ಬಿಟ್ಟು ಕೇಳಿದಾಗ ಪುಸ್ತಕ ಮುಚ್ಚಿ ಬರೆದವರು ಮುಂದು! ಅರಳಿಕಟ್ಟೆ ಮಕ್ಕಳು ತಿರುಗಿ ಹೇಳುತ್ತಿದ್ದದ್ದೂ ಇದೇ ತಾನೇ? ಪ್ರತಿ ತುಂಡಿನ ಕೊನೆಗೆ ಮೂರು ಪ್ರಶ್ನೆ ಹಾಕಿ. ಅಂಕಕ್ಕಲ್ಲ, ನೆನಪಿಗೆ. ವಾರ ಬಿಟ್ಟು ಅದನ್ನೇ ಮತ್ತೆ ಕೇಳಿ.

ಐದು, ಕನ್ನಡದಲ್ಲಿ ಬಿಡಿಸಿ ಹೇಳಿ, ಇಂಗ್ಲಿಷ್ ಪದವನ್ನು ಜೊತೆಗೇ ಇಡಿ. ಇಲ್ಲಿ ನಮ್ಮವರೂ ತಪ್ಪು ಮಾಡುತ್ತಾರೆ. ಕನ್ನಡ ಅಂದರೆ ಯಾರಿಗೂ ತಿಳಿಯದ ಸಂಸ್ಕೃತದ ಪದ ತುಂಬುವುದು ಅಂದುಕೊಂಡಿದ್ದಾರೆ. ಅದು ಇನ್ನೊಂದು ಇಂಗ್ಲಿಷೇ! ಸವಕಳಿ ಅನ್ನಿ, ಪಕ್ಕದಲ್ಲಿ ಡಿಪ್ರಿಸಿಯೇಷನ್ ಅನ್ನಿ. ಹುಡುಗಿಗೆ ನಾಳೆ ಬ್ಯಾಂಕಿನಲ್ಲಿ ಎರಡೂ ಬೇಕು. ಅರ್ಥ ಕನ್ನಡದಲ್ಲಿ ಆಗಲಿ, ಹೆಸರು ಎರಡರಲ್ಲೂ ಗೊತ್ತಿರಲಿ. ಇನ್ನೊಂದು ವಿಷಯ ನೆನಪಿಡಿ. ಇಂಗ್ಲಿಷ್ ಮಾಧ್ಯಮದ ಕೋರ್ಸಾದರೂ ಪರೀಕ್ಷೆಯಲ್ಲಿ ಸ್ಥಳೀಯ ಭಾಷೆಯಲ್ಲಿ ಉತ್ತರ ಬರೆಯಲು ಬಿಡಿ ಅಂತ 2023ರ ಏಪ್ರಿಲ್‌ನಲ್ಲಿ ಯುಜಿಸಿಯೇ ವಿಶ್ವವಿದ್ಯಾಲಯಗಳನ್ನು ಕೇಳಿಕೊಂಡಿದೆ. ನಿಮ್ಮ ಕಾಲೇಜಿನಲ್ಲಿ ಇದನ್ನು ಎತ್ತಿ ಕೇಳಿದವರು ಎಷ್ಟು ಜನ?

ಆರು ನನ್ನ ಕಸುಬಿನದು. ಮೇಷ್ಟ್ರುಗಳೇ, ಕನ್ನಡ ನೋಟ್ಸನ್ನು ಯೂನಿಕೋಡಿನಲ್ಲಿ ಟೈಪ್ ಮಾಡಿ. ಹಳೆಯ ನುಡಿ, ಬರಹ ಫಾಂಟಿನಲ್ಲಿ ಹೊಡೆದ ಫೈಲನ್ನು ಹಾಗೇ ಕಳಿಸಿದರೆ ಮಕ್ಕಳ ಫೋನಿನಲ್ಲಿ ಆ ಫಾಂಟು ಇರುವುದಿಲ್ಲ. ಕನ್ನಡದ ಬದಲು ಚಿತ್ರವಿಚಿತ್ರ ಗುರುತು ಕಾಣುತ್ತದೆ. ಅಂಗಡಿಗೆ ಬಂದು "ಇದ್ಯಾವ ಭಾಷೆ ಅಣ್ಣ?" ಅಂತ ಕೇಳಿದ ಮಕ್ಕಳಿದ್ದಾರೆ. ಪಿಡಿಎಫ್ ಮಾಡಿದರೆ ಕಣ್ಣಿಗೆ ಸರಿ ಕಾಣಬಹುದು, ಆದರೆ ಅದರಲ್ಲಿ ಒಂದು ಪದ ಹುಡುಕಿದರೆ ಸಿಗುವುದಿಲ್ಲ. ಕಣ್ಣಿಲ್ಲದ ವಿದ್ಯಾರ್ಥಿಗೆ ಓದಿ ಹೇಳುವ ಸಾಫ್ಟ್‌ವೇರ್ ಅದನ್ನು ಓದಲಾರದು. ಹಳೆಯ ನೋಟ್ಸನ್ನು ಯೂನಿಕೋಡಿಗೆ ಬದಲಾಯಿಸುವ ಸಾಧನಗಳು ಪುಕ್ಕಟೆ ಸಿಗುತ್ತವೆ. ಬದಲಾಯಿಸಿದ ಮೇಲೆ ಒಮ್ಮೆ ಪ್ರೂಫ್ ನೋಡಿ, ಒತ್ತಕ್ಷರ ಆಚೀಚೆ ಆಗಿರುತ್ತದೆ.

ಏಳು, ಕೊನೆಯದು, ಎಲ್ಲಕ್ಕಿಂತ ದೊಡ್ಡದು. ಎರಡು ಕ್ಲಾಸಿಗೆ ಬಾರದ ಮಗುವಿಗೆ ಫೋನ್ ಮಾಡಿ. "ಯಾಕಪ್ಪ, ಹುಷಾರಿಲ್ವಾ?" ಅಂತ ಒಂದು ಮಾತು. ಮೇಷ್ಟ್ರೊಬ್ಬರಿಗೇ ಆಗದಿದ್ದರೆ ಒಂದೊಂದು ಹಳ್ಳಿಗೆ ಐದೈದು ಮಕ್ಕಳ ಗುಂಪು ಮಾಡಿ, ಒಬ್ಬರಿಗೆ ಹೊಣೆ ಕೊಡಿ. ಹಾಜರಿ ಪುಸ್ತಕದಲ್ಲಿ ಗೈರು ಅಂತ ಬರೆಯುವುದು ಸುಲಭ. ಗೈರಾದವನನ್ನು ಹುಡುಕುವುದೇ ಮೇಷ್ಟ್ರ ಕೆಲಸ.

ಈಗ ನಿಮ್ಮ ಸರದಿ

ತಮ್ಮಂದಿರೇ, ಒಂದು ಕಟು ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಾನೂ ನಿಮ್ಮ ಹಾಗೆ ಹಿಂದೆ ಇಂಗ್ಲಿಷ್ ಬೋರ್ಡಿಗೆ ಮಸಿ ಬಳಿದವನೇ. ಆ ಡಬ್ಬ, ಆ ಬ್ರಷ್ಷು ನನಗೂ ಗೊತ್ತು. ಬೋರ್ಡಿಗೆ ಮಸಿ ಬಳಿಯಲು ಐದು ನಿಮಿಷ ಸಾಕು. ಬ್ಯಾಲೆನ್ಸ್ ಶೀಟನ್ನು ಹಳ್ಳಿ ಹುಡುಗಿಗೆ ಕನ್ನಡದಲ್ಲಿ ಬಿಡಿಸಿ ಹೇಳಲು ಐದು ದಿನ ಕೂತು ಕೆಲಸ ಮಾಡಬೇಕು. ಅದಕ್ಕೆ ಫೋಟೋ ಬರುವುದಿಲ್ಲ, ಹಾರ ಬೀಳುವುದಿಲ್ಲ. ಆದರೆ ಕನ್ನಡ ಉಳಿಯುವುದು ಅಲ್ಲಿ. ಓದಿಗೆ, ಅನ್ನಕ್ಕೆ ಒದಗದ ಭಾಷೆಯನ್ನು ಬೋರ್ಡಿನ ಮೇಲೆ ಎಷ್ಟು ದಪ್ಪವಾಗಿ ಬರೆದರೇನು?

ಈ ಮಣ್ಣಿನ ಹಿರಿಯರನ್ನು ನೋಡಿ. ಬಿ.ಎಂ. ಶ್ರೀಕಂಠಯ್ಯನವರ ಹೆಸರಿನ ಮೊದಲಿರುವ ಬೆಳ್ಳೂರು ನಾಗಮಂಗಲ ತಾಲ್ಲೂಕಿನದು. ಎ.ಎನ್. ಮೂರ್ತಿರಾಯರು ಹುಟ್ಟಿದ ಅಕ್ಕಿಹೆಬ್ಬಾಳು ಕೆ.ಆರ್.ಪೇಟೆ ತಾಲ್ಲೂಕಿನದು. ಇಬ್ಬರೂ ಕಾಲೇಜಿನಲ್ಲಿ ಹೇಳುತ್ತಿದ್ದದ್ದು ಇಂಗ್ಲಿಷ್ ಪಾಠ! ಆದರೆ ಇಂಗ್ಲಿಷನ್ನು ಕನ್ನಡದ ಹುಡುಗನ ಮುಂದೆ ಗೋಡೆಯಾಗಿ ನಿಲ್ಲಿಸಲಿಲ್ಲ. ತಾವು ಅಲ್ಲಿ ಕಲಿತದ್ದನ್ನು ಕನ್ನಡಕ್ಕೆ ಹೊತ್ತು ತಂದರು. 1911ರಲ್ಲಿ ಧಾರವಾಡದಲ್ಲಿ ಕನ್ನಡ ತಲೆಯೆತ್ತುವ ಬಗೆ ಯಾವುದು ಅಂತ ಮಾತಾಡಿದವರು ಆ ಬಿ.ಎಂ.ಶ್ರೀ. ಅವರೇ.

ನಿಮ್ಮಲ್ಲಿ ಸಾಫ್ಟ್‌ವೇರಿನವರಿದ್ದೀರಿ, ಬ್ಯಾಂಕಿನವರಿದ್ದೀರಿ, ಎಂ.ಎಸ್‌ಸಿ. ಓದುತ್ತಿರುವವರಿದ್ದೀರಿ. ಅರ್ಧಕ್ಕರ್ಧ ಈ ನಾಲ್ಕು ತಾಲ್ಲೂಕಿನ ಊರು ಬಿಟ್ಟು ಹೋದ ಮನೆಗಳ ಮಕ್ಕಳು. ಒಬ್ಬೊಬ್ಬರು ಒಂದೊಂದು ವಿಷಯದ ಒಂದೇ ಒಂದು ಅಧ್ಯಾಯ ಹಿಡಿಯಿರಿ. ನೀವು ಕಾಲೇಜಿನಲ್ಲಿ ಎಲ್ಲಿ ಎಡವಿದ್ದಿರಿ ಅಂತ ನೆನೆಸಿಕೊಳ್ಳಿ. ಅಲ್ಲಿಂದಲೇ ಶುರು ಮಾಡಿ ಕನ್ನಡದಲ್ಲಿ ಬರೆಯಿರಿ, ಆರು ನಿಮಿಷದ ನಾಲ್ಕು ದನಿ ತುಂಡು ಮಾಡಿ. ಆ ವಿಷಯದ ಮೇಷ್ಟ್ರೊಬ್ಬರಿಗೆ ತೋರಿಸಿ ತಿದ್ದಿಸಿ. ತಪ್ಪು ಪಾಠ ಯಾವ ಭಾಷೆಯಲ್ಲಿದ್ದರೂ ತಪ್ಪೇ. ಯೂನಿಕೋಡಿನಲ್ಲಿ ನನಗೆ ಕಳಿಸಿ. ಒಂದು ಹಾಳೆಯನ್ನು ಎರಡು ಸಲ ಮಡಚಿದರೆ ಎಂಟು ಪುಟ. ಒಂದು ಅಧ್ಯಾಯಕ್ಕೆ ಎಂಟು ಪುಟ ಸಾಕು. ಕಾಗದದ ದುಡ್ಡು ಕೊಡಿ, ಅಚ್ಚಿನ ಕೂಲಿ ನನಗೆ ಬೇಡ. ನಾಲ್ಕು ತಾಲ್ಲೂಕಿನ ಕಾಲೇಜಿಗೂ ನಾನೇ ಬೈಕಿನಲ್ಲಿ ತಲುಪಿಸುತ್ತೇನೆ.

ಇನ್ನೊಂದು ಕೇಳಿಕೆ. ವಾರಕ್ಕೊಮ್ಮೆ ಹದಿನೈದು ನಿಮಿಷ, ಹಳ್ಳಿಯ ಒಬ್ಬ ವಿದ್ಯಾರ್ಥಿಗೆ ಫೋನ್ ಮಾಡಿ. ಪಾಠ ಎಲ್ಲಿಗೆ ಬಂತು, ಎಲ್ಲಿ ನಿಂತಿತು ಅಂತ ಕೇಳಿ. ಅಷ್ಟೇ.

ಆ ಪಾಂಡವಪುರದ ಹುಡುಗಿ ಏನಾದಳು ಅಂತ ನಿಮಗೆ ಅನಿಸಿರಬಹುದು. ಒಂದು ಪೇಪರ್ ಹೋಯಿತು, ಮತ್ತೆ ಕಟ್ಟಿದಳು, 2022ರಲ್ಲಿ ಡಿಗ್ರಿ ಮುಗಿಸಿದಳು. ಈಗ ಮೈಸೂರಿನಲ್ಲಿ ಒಬ್ಬ ಆಡಿಟರ್ ಹತ್ತಿರ ಲೆಕ್ಕ ಬರೆಯುತ್ತಾಳೆ. ಹೋದ ಯುಗಾದಿಗೆ ಅಂಗಡಿಗೆ ಬಂದವಳು ಮೆಷಿನ್ನಿನ ಕಡೆ ನೋಡಿ, "ಅಣ್ಣ, ಇದು ಈಗ ಎಷ್ಟಕ್ಕೆ ಇಳಿದಿರುತ್ತೆ ಹೇಳ್ಲಾ?" ಅಂತ ಬಾಯಲ್ಲೇ ಲೆಕ್ಕ ಹಾಕಿ ಹೇಳಿಬಿಟ್ಟಳು.

ನಾಗಮಂಗಲದ ಹುಡುಗನ ನಂಬರು ಮಾತ್ರ ಈಗ ಹೋಗುತ್ತಿಲ್ಲ. ನಾಳೆ ರಾತ್ರಿ ನಿಮ್ಮ ಬಾಗಿಲಿಗೆ ಊಟ ತಂದುಕೊಟ್ಟವನು ಕನ್ನಡ ಮಾತಾಡಿದರೆ, ಯಾವೂರಪ್ಪ, ಎಲ್ಲೀತನಕ ಓದಿದ್ದೀಯ ಅಂತ ಒಂದು ಮಾತು ಕೇಳಿ. ಅರ್ಧಕ್ಕೆ ಬಿಟ್ಟಿದ್ದೇನೆ ಅಂದರೆ ನನ್ನ ಅಂಗಡಿಯ ವಿಳಾಸ ಕೊಡಿ. ಮುಕ್ತ ವಿಶ್ವವಿದ್ಯಾನಿಲಯದ ಬಾಗಿಲು ಇದೆ, ಎಂಟು ಪುಟದ ಹಾಳೆ ನಾನು ಕೊಡುತ್ತೇನೆ, ಫೋನ್ ಮಾಡಿ ವಿಚಾರಿಸಲು ನೀವಿದ್ದೀರಿ.